ಲಾಯರ್ ಫೀಸಿಗೂ ವಿಮೆ ಉಂಟು: ಪಡೆಯುವುದು ಹೇಗೆ, ಎಲ್ಲಿ ಕೈಕೊಡುತ್ತದೆ?

ಅಂಗಡಿಗೆ ಬೆಂಕಿ ಬಿದ್ದರೆ ಅಂತ ವಿಮೆ ಮಾಡಿಸುತ್ತೇವೆ. ಕಳ್ಳತನಕ್ಕೆ ಮಾಡಿಸುತ್ತೇವೆ. ಕೋರ್ಟ್ ಖರ್ಚಿಗೂ ಮಾಡಿಸಬಹುದು ಅನ್ನುವುದು ದಾವಣಗೆರೆಯಲ್ಲಿ ಫ್ರೀಲ್ಯಾನ್ಸ್ ಕೆಲಸ ಮಾಡುವ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಜರ್ಮನಿ, ಬ್ರಿಟನ್ ಕಡೆ ಇದಕ್ಕೆಂದೇ ಬೇರೆ ಪಾಲಿಸಿ ಇದೆ. ನಮ್ಮಲ್ಲಿ ಇದು ಹೆಚ್ಚಾಗಿ ಬೇರೆ ಪಾಲಿಸಿಗಳ ಒಳಗೆ, ‘ಡಿಫೆನ್ಸ್ ಕಾಸ್ಟ್’ (ಕೇಸು ಎದುರಿಸುವ ಖರ್ಚು) ಅನ್ನುವ ಹೆಸರಲ್ಲಿ ಕೂತಿರುತ್ತದೆ.

ಒಂದು ಮಾತು ಮೊದಲೇ ತಿಳಿದಿರಲಿ. ನಿಮ್ಮ ಮೇಲೆ ಯಾರಾದರೂ ಕೇಸ್ ಹಾಕಿದರೆ ಈ ವಿಮೆ ನೆರವಿಗೆ ಬರುತ್ತದೆ. ಬಾಕಿ ವಸೂಲಿಗೆ ನೀವೇ ಕೇಸ್ ಹಾಕಿದರೆ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮೂರಲ್ಲಿ ಜಾಸ್ತಿ ಇರುವುದು ಎರಡನೇ ತಲೆನೋವೇ. ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಮೊದಲು: ಮನೆಯಲ್ಲಿರುವ ಪಾಲಿಸಿ ತೆಗೆದು ಓದಿ

ಬೈಕಿನ ಥರ್ಡ್ ಪಾರ್ಟಿ ವಿಮೆಯನ್ನೇ ನೋಡಿ. ಅಪಘಾತದ ಪರಿಹಾರದ ಕೇಸು ಬಂದರೆ ಕಂಪನಿಯೇ ತನ್ನ ವಕೀಲರನ್ನು ಇಟ್ಟು ವಾದಿಸುತ್ತದೆ. ಕೆಲಸಗಾರರಿಗಾಗಿ ಮಾಡಿಸಿದ ಪರಿಹಾರದ ಪಾಲಿಸಿ, ಹೊರಗಿನವರಿಗೆ ಆದ ಹಾನಿಗೆಂದು ಮಾಡಿಸುವ ಅಂಗಡಿಯ ಪಬ್ಲಿಕ್ ಲಯಬಿಲಿಟಿ ಪಾಲಿಸಿಗಳಲ್ಲೂ ಕಂಪನಿಯ ಒಪ್ಪಿಗೆ ಪಡೆದು ಮಾಡಿದ ಕೋರ್ಟ್ ಖರ್ಚು ಸೇರಿರುವುದು ಸಾಮಾನ್ಯ. ಈಗಾಗಲೇ ಇರುವುದಕ್ಕೆ ಮತ್ತೆ ದುಡ್ಡು ಕಟ್ಟುವುದು ಯಾಕೆ ಅಲ್ವಾ?

ಆಮೇಲೆ: ಸರಿಯಾದ ಹೆಸರು ಹಿಡಿದು ಕೇಳಿ

‘ಲೀಗಲ್ ಇನ್ಶೂರೆನ್ಸ್ ಇದೆಯಾ?’ ಅಂತ ಕೇಳಿದರೆ ಏಜೆಂಟ್ ಮುಖ ನೋಡಬಹುದು. ‘ಪ್ರೊಫೆಷನಲ್ ಇಂಡೆಮ್ನಿಟಿ’ (ಕಸುಬಿನಲ್ಲಿ ಆದ ತಪ್ಪಿಗೆ ರಕ್ಷಣೆ) ಅನ್ನಿ, ತಕ್ಷಣ ಅರ್ಥವಾಗುತ್ತದೆ. ವೈದ್ಯರು, ಆಡಿಟರ್‌ಗಳು, ಎಂಜಿನಿಯರ್‌ಗಳಿಗೆ ಇದು ಸಲೀಸಾಗಿ ಸಿಗುತ್ತದೆ. ಡಿಸೈನರ್, ಫೋಟೋಗ್ರಾಫರ್, ಸಾಫ್ಟ್‌ವೇರ್ ಕೆಲಸದವರು ‘ಎರರ್ಸ್ ಅಂಡ್ ಒಮಿಷನ್ಸ್’ (ಕೆಲಸದಲ್ಲಿನ ತಪ್ಪು, ಲೋಪ) ಅಂತ ಕೇಳಬೇಕು. ಎಲ್ಲ ಕಂಪನಿಗಳೂ ಎಲ್ಲ ಕಸುಬಿಗೂ ಕೊಡುವುದಿಲ್ಲ. ಸರ್ಕಾರಿ ಕಂಪನಿ ಒಂದು, ಖಾಸಗಿ ಕಂಪನಿ ಒಂದು, ಎರಡೂ ಕಡೆ ಕೊಟೇಶನ್ ತೆಗೆದುಕೊಳ್ಳಿ.

ಕೊಟೇಶನ್ ಬಂದಾಗ ಪ್ರೀಮಿಯಂ ನೋಡುವ ಮೊದಲು ನೋಡಬೇಕಾದ್ದು ಬೇರೆ ಇದೆ. ಲಾಯರ್ ಫೀಸು ವಿಮಾ ಮೊತ್ತದ ಒಳಗೋ, ಹೊರಗೋ? ಒಳಗೆ ಅಂತಿದ್ದರೆ, 10 ಲಕ್ಷದ ಪಾಲಿಸಿಯಲ್ಲಿ ಕೇಸಿಗೆ 2 ಲಕ್ಷ ಖರ್ಚಾದರೆ ಪರಿಹಾರ ಕೊಡಲು ಉಳಿಯುವುದು 8 ಲಕ್ಷ ಮಾತ್ರ. ಒಂದು ಕೇಸಿಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಅನ್ನುವುದೂ ಬೇರೆ ಬೇರೆ ಇರಬಹುದು. ನಿಮ್ಮ ಕೈಯಿಂದ ಮೊದಲು ಹಾಕಬೇಕಾದ ಮೊತ್ತಕ್ಕೆ ‘ಎಕ್ಸೆಸ್’ ಅನ್ನುತ್ತಾರೆ. ಪ್ರೀಮಿಯಂ ತೀರಾ ಅಗ್ಗವಾಗಿದ್ದರೆ ಎಕ್ಸೆಸ್ ಎಷ್ಟು ಅಂತ ಮರೆಯದೆ ನೋಡಿ.

ಇನ್ನೊಂದು ತೊಡಕಿದೆ. ಈ ಪಾಲಿಸಿಗಳು ಬಹುತೇಕ ‘ಕ್ಲೇಮ್ಸ್ ಮೇಡ್’ ಲೆಕ್ಕದವು. ತಪ್ಪು ನಡೆದ ದಿನ ಪಾಲಿಸಿ ಇದ್ದರೆ ಸಾಲದು, ಕೇಸು ಬಂದ ದಿನವೂ ಇರಬೇಕು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ ಸಮಯ ಇದೆ. ಈ ವರ್ಷ ಮಾಡಿದ ಕೆಲಸಕ್ಕೆ ಮುಂದಿನ ವರ್ಷ ನೋಟಿಸ್ ಬಂದರೆ, ನಡುವೆ ನೀವು ರಿನ್ಯೂವಲ್ ಬಿಟ್ಟಿದ್ದರೆ, ಕಟ್ಟಿದ ದುಡ್ಡು ನೀರಿಗೆ ಹಾಕಿದಂತೆಯೇ. ‘ರೆಟ್ರೋಆಕ್ಟಿವ್ ಡೇಟ್’ ಅನ್ನುವ ದಿನಾಂಕವನ್ನೂ ನೋಡಿ. ಅದಕ್ಕಿಂತ ಹಿಂದಿನ ಕೆಲಸಕ್ಕೆ ರಕ್ಷಣೆ ಇಲ್ಲ.

ಅಮೆರಿಕದ ಕ್ಲೈಂಟ್‌ಗೆ ವೆಬ್‌ಸೈಟ್ ಮಾಡಿಕೊಡುವವರು ನಮ್ಮೂರಿನ ಎಂಸಿಸಿ ಬಿ ಬ್ಲಾಕ್ ಬಡಾವಣೆಯಲ್ಲೂ ಇದ್ದಾರೆ. ಅಂಥವರು ಪಾಲಿಸಿ ಭಾರತದ ಕೋರ್ಟುಗಳಿಗೆ ಮಾತ್ರವೋ, ಹೊರಗೂ ನಡೆಯುತ್ತದೋ ಅಂತ ಬರಹದಲ್ಲೇ ಕೇಳಲಿ.

ಪ್ರಪೋಸಲ್ ಫಾರ್ಮ್, ಅಂದರೆ ವಿಮೆಯ ಅರ್ಜಿ, ಏಜೆಂಟ್ ತುಂಬಲಿ ಅಂತ ಸಹಿ ಹಾಕಿಕೊಟ್ಟು ಬರಬೇಡಿ. ಈಗಾಗಲೇ ಒಬ್ಬ ಗ್ರಾಹಕ ‘ನೋಡ್ಕೋತೀನಿ’ ಅಂದಿದ್ದರೆ ಅದನ್ನೂ ಬರೆಯಬೇಕು. ಮುಚ್ಚಿಟ್ಟರೆ ನಾಳೆ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ಅದೇ ನೆಪ.

ನೋಟಿಸ್ ಬಂದ ದಿನ

ಒಬ್ಬ ಮದುವೆ ಫೋಟೋಗ್ರಾಫರ್ ಅಂದುಕೊಳ್ಳಿ. ಶಾಮನೂರು ರಸ್ತೆಯ ಕಲ್ಯಾಣ ಮಂಟಪದಲ್ಲಿ ಎರಡು ದಿನ ಶೂಟ್ ಮಾಡಿದ್ದಾನೆ. ಧಾರೆಯ ಫೋಟೋಗಳಿದ್ದ ಕಾರ್ಡು ಓಪನ್ ಆಗುತ್ತಿಲ್ಲ. ಹುಡುಗಿಯ ತಂದೆ ಗ್ರಾಹಕರ ಆಯೋಗಕ್ಕೆ ಹೋಗುತ್ತಾರೆ. 5 ಲಕ್ಷದವರೆಗಿನ ವಹಿವಾಟಿನ ದೂರಿಗೆ ಅಲ್ಲಿ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ಅಂದರೆ ದೂರು ಕೊಡುವವರಿಗೆ ಖರ್ಚಿಲ್ಲ, ಉತ್ತರ ಕೊಡುವವನಿಗೆ ಇದೆ.

ಆ ನೋಟಿಸಿಗೆ 30 ದಿನದೊಳಗೆ ಉತ್ತರ ಸಲ್ಲಿಸಬೇಕು. ಆಯೋಗ ಕೊಡಬಹುದಾದ ಹೆಚ್ಚುವರಿ ಸಮಯ 15 ದಿನ ಅಷ್ಟೇ. ಅದರಾಚೆ ವಿನಾಯಿತಿ ಇಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲೇ ಹೇಳಿದೆ. ಹಾಗಾಗಿ ಲಕೋಟೆ ಒಡೆದ ದಿನವೇ ವಿಮಾ ಕಂಪನಿಗೆ ಇಮೇಲ್ ಹಾಕಿ, ನೋಟಿಸಿನ ಪ್ರತಿ ಸೇರಿಸಿ. ಸುಮ್ನೆ ಫೋನ್ ಮಾಡಿದರೆ ದಾಖಲೆ ಉಳಿಯುವುದಿಲ್ಲ.

ಅವರ ಒಪ್ಪಿಗೆ ಬರುವ ಮೊದಲು ವಕೀಲರಿಗೆ ಕೊಟ್ಟ ಫೀಸು ವಾಪಸ್ ಸಿಗದೇ ಹೋಗಬಹುದು. ‘ಹೌದು ಸಾರ್, ನನ್ನದೇ ತಪ್ಪು, ಏನಾದರೂ ಮಾಡಿ ಸೆಟ್ಲ್ ಮಾಡೋಣ’ ಅಂತ ವಾಟ್ಸ್ಆ್ಯಪ್ ಮಾಡಲೂಬೇಡಿ. ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಂಡರೆ, ರಾಜಿಗೆ ಹೋದರೆ ಪಾಲಿಸಿಯ ಷರತ್ತು ಮುರಿದಂತೆ. ಇದು ನಮ್ಮ ಜನಕ್ಕೆ ಕಷ್ಟ. ಎದುರಿಗೆ ನಿಂತವರ ಮುಖ ನೋಡಿ ಸುಮ್ಮನಿರಲು ಬರುವುದಿಲ್ಲ.

ಬಾಕಿ ವಸೂಲಿ: ವಿಮೆ ಬಾರದ ಜಾಗ

ಮೊದಲು ಹೇಳಿದ ಬೇರೆ ದಾರಿ ಇದು: ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಬೇಕು, ನೋಂದಣಿ ಉಚಿತ. ಹೊಸ ಕೆಲಸ ಒಪ್ಪುವ ಮೊದಲೇ ಆಗಿರಲಿ, ಆಮೇಲೆ ಮಾಡಿಸಿದರೆ ಎದುರಿನ ವಕೀಲರಿಗೆ ಅದೇ ಒಂದು ವಾದ. ಸಣ್ಣ ಉದ್ಯಮಗಳ ಎಂಎಸ್‌ಎಂಇಡಿ ಕಾಯ್ದೆ, 2006ರ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಖರೀದಿದಾರ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ದೂರು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು, ಅದು ಇಂಥ ಬಾಕಿ ತಕರಾರು ತೀರ್ಮಾನಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ. ಅದರ ತೀರ್ಪು ಪ್ರಶ್ನಿಸಲು ಖರೀದಿದಾರ ಮೊದಲು 75% ಹಣ ಠೇವಣಿ ಇಡಬೇಕು. ಈ ಒಂದು ಸಾಲಿಗೇ ಎಷ್ಟೋ ಕಂಪನಿಗಳು ಮಾತಿಗೆ ಬರುತ್ತವೆ.

ನಮ್ಮೂರ ಮಂಡಿಪೇಟೆಯ ವ್ಯಾಪಾರಿಗಳಿಗೆ ಬೇಸರದ ವಿಷಯ: ಬರೀ ಕೊಂಡು ಮಾರುವ ವ್ಯಾಪಾರಿಗೆ ಉದ್ಯಮ್ ನೋಂದಣಿ ಸಿಕ್ಕರೂ ಈ 45 ದಿನದ ಸೌಲಭ್ಯ ಇಲ್ಲ. ತಯಾರಕರಿಗೆ, ಸೇವೆ ಕೊಡುವವರಿಗೆ ಮಾತ್ರ.

ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೋ ಕೈಸೇರಿದ 30 ದಿನದಲ್ಲಿ ನೋಟಿಸ್ ಕೊಡಿ. ಅದು ತಲುಪಿದ ಮೇಲೆ 15 ದಿನ ಕಾಯಿರಿ, ಮುಂದಿನ ಒಂದು ತಿಂಗಳೊಳಗೆ ದೂರು. 2015ರ ತಿದ್ದುಪಡಿ ಆದಮೇಲೆ, ನಿಮ್ಮ ಖಾತೆಗೆ ಹಾಕಿದ ಚೆಕ್ಕಾದರೆ ಖಾತೆ ಇರುವ ಶಾಖೆಯ ಊರಿನಲ್ಲೇ ಕೇಸು. ಕ್ಲೈಂಟ್ ಬೆಂಗಳೂರಿನವನಾದರೂ ದಾವಣಗೆರೆಗೇ ಬರಬೇಕು.

ಹಳೇ ಅಂಗಡಿಗಳ ಬಿಲ್ ಪುಸ್ತಕದ ಕೆಳಗೆ ‘ಸಬ್ಜೆಕ್ಟ್ ಟು ದಾವಣಗೆರೆ ಜ್ಯೂರಿಸ್‌ಡಿಕ್ಷನ್’ ಅಂತ ಇರುವೆ ಸಾಲಿನಂಥ ಅಕ್ಷರ ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ. ಬೇರೆ ಊರಿನ ಕೋರ್ಟಿಗೆ ಅಲೆಯುವ ಖರ್ಚು ತಪ್ಪಿಸುವ ಪ್ರಯತ್ನ ಅದು. ನಿಮ್ಮ ಒಪ್ಪಂದದಲ್ಲೂ ಆ ಸಾಲು ಹಾಕಿಸಿ, ಎರಡೂ ಕಡೆಯ ಸಹಿ ಇರಲಿ. ಕಂಪನಿ ಕಳಿಸಿದ ಒಪ್ಪಂದದಲ್ಲಿ ದೆಹಲಿ ಅಂತಿದ್ದರೆ ಸಹಿಗೆ ಮೊದಲೇ ಚೌಕಾಸಿ ಮಾಡಿ.

ದುಡ್ಡಿಲ್ಲದೆ ಸಿಗುವ ನೆರವು

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಕೇಳದೆ ಉಚಿತ ವಕೀಲರು ಸಿಗುತ್ತಾರೆ. ಟೈಲರಿಂಗ್, ಬ್ಯೂಟಿ ಪಾರ್ಲರ್ ನಡೆಸುವ ಹೆಣ್ಣುಮಕ್ಕಳು ಇದನ್ನು ಬಳಸಿಕೊಳ್ಳುವುದು ತೀರಾ ಕಡಿಮೆ ಅನಿಸುತ್ತದೆ. ಸಹಾಯವಾಣಿ 15100. ಕೋರ್ಟಿನಲ್ಲಿರುವ ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್, ಮೇಲ್ಮನವಿಯ ಗೋಜಿಲ್ಲ.

ವಿಮಾ ಕಂಪನಿಯೇ ಕ್ಲೇಮ್ ತಿರಸ್ಕರಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿ ಕಾಣದಿದ್ದರೆ, ವಿಮಾ ದೂರು ವಿಚಾರಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಒಬ್ಬರೇ ಮಾಲೀಕರಾಗಿರುವ ಅಂಗಡಿ, ಸೂಕ್ಷ್ಮ ಉದ್ಯಮ ಎರಡಕ್ಕೂ ಅವಕಾಶ ಇದೆ. ಶುಲ್ಕ ಇಲ್ಲ, ಮತ್ತು ಅಲ್ಲಿ ವಕೀಲರ ಅಗತ್ಯವೂ ಇಲ್ಲ.