ಮೇ 3, ಆಗಸ್ಟ್ 10: ನೆರಳಿಲ್ಲದ ಎರಡು ಮಧ್ಯಾಹ್ನ

ಧಾರವಾಡದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ಯಾಕೆ ಬರುತ್ತದೆ ಎಂದು ಕೇಳಿದರೆ ಪ್ರತಿ ವರ್ಷ ಅರ್ಧ ತರಗತಿಯದ್ದು ಒಂದೇ ಉತ್ತರ: "ಭೂಮಿ ಸೂರ್ಯನ ಸಮೀಪ ಹೋಗ್ತದ್ರಿ ಸರ." ನಿಜವಾಗಿ ನಾವು ಸೂರ್ಯನಿಗೆ ಅತಿ ಹತ್ತಿರ ಇರುವುದು ಚಳಿಗಾಲದಲ್ಲಿ. ಜನವರಿ ಮೊದಲ ವಾರ 14.7 ಕೋಟಿ ಕಿ.ಮೀ., ಜುಲೈನಲ್ಲಿ 15.2 ಕೋಟಿ. ಹೇಳಿದೆ, ಬರೆದುಕೊಂಡರು, ಪರೀಕ್ಷೆಯಲ್ಲಿ ಮತ್ತೆ ಹಳೇ ಉತ್ತರವನ್ನೇ ಬರೆದರು. ಕಾಲ ಬದಲಾಗುವುದಕ್ಕೆ ನಿಜವಾದ ಕಾರಣ ಭೂಮಿಯ ಅಕ್ಷದ ಓರೆ, ಅದನ್ನು ಅಂಗಳದಲ್ಲೇ ಅಳೆದು ತೋರಿಸಬೇಕು ಎಂದು ಆಗ ನಿರ್ಧರಿಸಿದೆ.

ಮೊದಲು ಬರೀ ಒಂದು ಮೀಟರ್ ಪೈಪು ನೆಟ್ಟೆವು. ನೆರಳಿನ ತುದಿ ಮಸುಕು ಮಸುಕು. ಇಬ್ಬರು ಅಳೆದರೆ ಎರಡು ಅಳತೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ, ಅದಕ್ಕೇ ಹೀಗೆ. ಪೈಪಿನ ತುದಿಗೆ ತಗಡಿನ ಚೂರೊಂದನ್ನು ಹೊರಚಾಚುವಂತೆ ಕಟ್ಟಿ, ಅದರಲ್ಲಿ ಮೊಳೆಯಿಂದ ತೂತು ಹೊಡೆದೆವು. ಆಗ ನೆಲದ ಮೇಲೆ ದುಂಡನೆಯ ಬೆಳಕಿನ ಚುಕ್ಕೆ ಬಿತ್ತು. ಅದರ ನಡುವಿಗೆ ಸೀಮೆಸುಣ್ಣದ ಗುರುತು. ತೂತಿನ ನೇರ ಕೆಳಗಿನ ಜಾಗ ಹಿಡಿಯಲು ಗೌಂಡಿಯೊಬ್ಬರಿಂದ ತೂಗುಗುಂಡು ಇಸಿದುಕೊಂಡು ಬಂದೆವು.

ಇನ್ನೊಂದು ತಪ್ಪು ನನ್ನದೇ. ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ಅಳೆಯುತ್ತಿದ್ದೆ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಧಾರವಾಡ 75ರಲ್ಲಿದೆ. ಇಲ್ಲಿ ಸೂರ್ಯ ನೆತ್ತಿಗೇರುವುದು ಸುಮಾರು ಅರ್ಧ ಗಂಟೆ ತಡ. ಹಾಗಾಗಿ 12.15ರಿಂದ 12.45ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ, ತೂತಿನ ನೇರ ಕೆಳಗಿನ ಜಾಗದಿಂದ ಚುಕ್ಕೆಗಿರುವ ಅತಿ ಗಿಡ್ಡ ದೂರವನ್ನು ಆರಿಸತೊಡಗಿದೆವು.

ಡಿಸೆಂಬರ್ 21ಕ್ಕೆ 80.5 ಸೆಂ.ಮೀ., ಅಂದರೆ ಸೂರ್ಯ ನೆತ್ತಿಯಿಂದ 38.8 ಡಿಗ್ರಿ ದಕ್ಷಿಣಕ್ಕೆ. ಹಗಲು ರಾತ್ರಿ ಸಮವಾಗುವ ಮಾರ್ಚ್ 20ಕ್ಕೆ 28 ಸೆಂ.ಮೀ., 15.6 ಡಿಗ್ರಿ. ಮಾರ್ಚ್‌ನಲ್ಲಿ ಸಮಭಾಜಕದ ನೆತ್ತಿಯ ಮೇಲಿರುವ ಸೂರ್ಯ ಡಿಸೆಂಬರಿನಲ್ಲಿ ಅಕ್ಷದ ಓರೆಯಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಕಳೆದರೆ 23.2. ಭೂಮಿಯ ಅಕ್ಷದ ನಿಜವಾದ ಓರೆ 23.4. ತಗಡು, ಮೊಳೆ, ಟೇಪು ಹಿಡಿದು ಇಷ್ಟು ಹತ್ತಿರ ಬಂದೆವಲ್ಲ ಎಂದು ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೇ 3 ರಜೆಯ ದಿನ. ಆದರೂ ಏಳೆಂಟು ಮಕ್ಕಳು ಬಂದಿದ್ದರು. ಪೈಪಿನ ನೆರಳು ಕುಗ್ಗುತ್ತಾ ಕುಗ್ಗುತ್ತಾ ಬುಡದೊಳಗೇ ಸೇರಿತು. "ಸರ, ನೆಳ್ಳ ಎಲ್ಲಿ ಹೋತ್ರಿ?" ಎಂದ ಒಬ್ಬ. ಚಪ್ಪಲಿ ಬಿಟ್ಟವರಿಗೆ ಆ ನೆಲದಲ್ಲಿ ಹತ್ತೆಣಿಸುವಷ್ಟು ಹೊತ್ತೂ ನಿಲ್ಲಲಾಗಲಿಲ್ಲ. ಆಗಸ್ಟ್ 10ಕ್ಕೆ ಸೂರ್ಯ ಮತ್ತೆ ಅದೇ ಜಾಗಕ್ಕೆ ಬಂದ. ಮೋಡದ ಸಂದಿಯಲ್ಲಿ ಎರಡು ನಿಮಿಷ ಬಿಸಿಲು ಬಿತ್ತು, ಆಗಲೂ ನೆರಳಿಲ್ಲ. ಹಗಲಿನ ಉದ್ದವೂ ಹೆಚ್ಚು ಕಡಿಮೆ ಅಷ್ಟೇ. ಕಾಲ ಕೆಳಗೆ ಮಾತ್ರ ತಣ್ಣನೆಯ ಕೆಸರು!

ಪಾಠ ನಿಜವಾಗಿ ಶುರುವಾಗಿದ್ದು ಅಲ್ಲಿಂದ. ಲಂಡನ್ನಿನಲ್ಲಿ ಮಧ್ಯಾಹ್ನದ ಸೂರ್ಯ ಜೂನ್‌ನಲ್ಲಿ 62 ಡಿಗ್ರಿ ಎತ್ತರಕ್ಕೇರಿದರೆ ಡಿಸೆಂಬರಿನಲ್ಲಿ 15 ಡಿಗ್ರಿ ದಾಟುವುದಿಲ್ಲ. ಅಲ್ಲಿ ಓರೆಯೆಂದರೆ ನೇರವಾಗಿ ಸೆಕೆ, ಚಳಿ. ನಮ್ಮಲ್ಲಿ ಅದರ ದೊಡ್ಡ ಕೆಲಸ ಮಳೆ. ಮಾರ್ಚ್ ಕಳೆದ ಮೇಲೆ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಸಮುದ್ರಕ್ಕಿಂತ ನೆಲ ಬೇಗ ಕಾಯುತ್ತದೆ, ವಾಯವ್ಯ ಭಾರತದ ಮೇಲೆ ಗಾಳಿಯ ಒತ್ತಡ ಇಳಿಯುತ್ತದೆ. ಸಮಭಾಜಕದ ಆಚೆಯಿಂದ ಹೊರಟ ತೇವದ ಗಾಳಿ, ಭೂಮಿಯ ತಿರುಗುವಿಕೆಯಿಂದ ಬಲಕ್ಕೆ ಬಾಗಿ, ನೈಋತ್ಯದಿಂದ ಬಂದು ಸಹ್ಯಾದ್ರಿಗೆ ಬಡಿಯುತ್ತದೆ. ಆಗಸ್ಟಿನ ಬಿಸಿಲಿನಲ್ಲಿ ಒಂದು ಪಾಲನ್ನು ಮೋಡ ತಡೆಯುತ್ತದೆ, ಉಳಿದದ್ದರಲ್ಲಿ ಬಹುಪಾಲು ಹಸಿ ನೆಲದ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಅಕ್ಷ ನೆಟ್ಟಗಿದ್ದಿದ್ದರೆ ಸೂರ್ಯ ವರ್ಷವಿಡೀ ಸಮಭಾಜಕದ ನೆತ್ತಿಯ ಮೇಲೇ ಇರುತ್ತಿದ್ದ. ಮುಂಗಾರು ಹೀಗೆ ಉತ್ತರಕ್ಕೆ ಏರಿ ಬರಲು ಕಾರಣವೇ ಇರುತ್ತಿರಲಿಲ್ಲ.

ಈಗ ಮೂರು ವರ್ಷದ ಗುರುತುಗಳು ನಮ್ಮ ನೋಟ್‌ಬುಕ್ಕಿನಲ್ಲಿವೆ. ಜೂನ್ 21ರ ಸಾಲು ಮಾತ್ರ ಇನ್ನೂ ಖಾಲಿ. ಅವತ್ತು ಚುಕ್ಕೆ ದಕ್ಷಿಣಕ್ಕೆ 14 ಸೆಂ.ಮೀ. ಬೀಳಬೇಕು. ಮೂರು ಸಲವೂ ಕೊಡೆ ಹಿಡಿದು ಕಾದೆವು, ಮೂರು ಸಲವೂ ಮಳೆ.