ತಾಟು ಬಡಿದು ನೋಡಿದರೆ ಸಾಲದು: ಕೂಸಿನ ಕಿವಿ ಪರೀಕ್ಷೆ ಮಾಡಿಸುವುದು ಹೇಗೆ?

ನಮ್ಮ ಅಕ್ಕನ ಮಗನಿಗೆ ಕಿವಿ ಕೇಳಿಸುವುದಿಲ್ಲ ಅನ್ನೋದು ನಮಗೆ ಗೊತ್ತಾದಾಗ ಅವನಿಗೆ ಹದಿಮೂರು ತಿಂಗಳು. ಅದಕ್ಕೂ ಮುಂಚೆ ನಾವು ನೋಡಿರಲಿಲ್ಲ ಅಂತಲ್ಲ, ನೋಡಿದ್ದೆವು. ಕಲಬುರಗಿಯ ನಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲ. ಅದರ ಮೇಲೆ ಕೌದಿ ಹಾಸಿ ಕೂಸನ್ನು ಮಲಗಿಸಿ, ಆಯಿ ಹಿಂದಿನಿಂದ ಬಂದು ಸ್ಟೀಲ್ ತಾಟು ನೆಲಕ್ಕೆ ಬಿಡುತ್ತಿದ್ದಳು. ಕೂಸು ಬೆಚ್ಚಿ ತಿರುಗುತ್ತಿತ್ತು. "ನೋಡವ್ವಾ, ಛಲೋ ಕೇಳಸ್ತದ" ಅಂತ ಆಯಿ ನಗುತ್ತಿದ್ದಳು. ನಾವೂ ನಂಬಿದೆವು. ಆದರೆ ಕೂಸಿಗೆ ಗೊತ್ತಾಗಿದ್ದು ಸಪ್ಪಳ ಅಲ್ಲ. ತಾಟು ಬಿದ್ದಾಗ ನೆಲ ಅದುರುತ್ತದೆ, ಕೈಯ ನೆರಳು ಆಡುತ್ತದೆ, ಕೂಸು ಅದಕ್ಕೇ ತಿರುಗುತ್ತಿತ್ತು.

ಇನ್ನೊಂದು ಸಂಗತಿ ಹೇಳಲೇಬೇಕು. ಹೆರಿಗೆಯಾದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿದ್ದರು. ಚೀಟಿಯಲ್ಲಿ ಎಡಕ್ಕೂ ಬಲಕ್ಕೂ 'ರೆಫರ್' ಅಂತ ಬರೆದಿತ್ತು. ಅದರ ಅರ್ಥ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಕ್ಕ ಬಾಣಂತನ ಮುಗಿಸಿ ಯಾದಗಿರಿ ಕಡೆ ಗಂಡನ ಮನೆಗೆ ಹೋದಳು. ಚೀಟಿ ತಾಯಿ ಕಾರ್ಡಿನ ಮಡಿಕೆಯಲ್ಲೇ ಉಳಿಯಿತು. ಹಾಗಾಗಿ ಈ ಲೇಖನ.

ಡಿಸ್ಚಾರ್ಜ್‌ಗೆ ಮುಂಚೆ ಕೇಳಿ

ಆಸ್ಪತ್ರೆಯಿಂದ ಹೊರಡುವ ಮೊದಲು ನರ್ಸ್ ಹತ್ತಿರ ಒಂದೇ ಮಾತು ಕೇಳಿ: "ಓಎಇ ಆಯ್ತಾ?" ಕೂಸುಗಳ ಕಿವಿಗೆ ಮಾಡುವ ಮೊದಲ ಪರೀಕ್ಷೆಯ ಹೆಸರು ಅದು. ಮೆತ್ತನೆಯ ರಬ್ಬರ್ ತುದಿಯ ಸಣ್ಣ ಕಡ್ಡಿಯನ್ನು ಕಿವಿಯಲ್ಲಿಟ್ಟು ಸಣ್ಣ ಸದ್ದು ಬಿಡುತ್ತಾರೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಭಾಗ ಇದೆ. ಅದು ಸರಿಯಿದ್ದರೆ ತಿರುಗಿ ತೀರಾ ಸಣ್ಣದೊಂದು ಸದ್ದು ಹೊರಡಿಸುತ್ತದೆ, ಮಷಿನ್ ಅದನ್ನು ಹಿಡಿಯುತ್ತದೆ. ಸೂಜಿ ಇಲ್ಲ, ರಕ್ತ ಇಲ್ಲ, ನೋವಿಲ್ಲ. ಕೂಸು ಸುಮ್ಮನಿದ್ದರೆ ಕೆಲವೇ ನಿಮಿಷದ ಕೆಲಸ. ಅದಕ್ಕೇ ಹಾಲು ಕುಡಿಸಿ, ತೇಗಿಸಿ, ಬಟ್ಟೆ ಸುತ್ತಿ ಮಲಗಿಸಿಕೊಂಡೇ ಒಳಗೆ ಹೋಗಿ. ನೋಡಲು ಬಂದ ನೆಂಟರನ್ನು ಆ ಹೊತ್ತಿಗೆ ಹೊರಗೆ ಕೂರಿಸಿ, ಮಾತಿನ ಗಲಾಟೆಗೂ ಮಷಿನ್ ತಪ್ಪು ತೋರಿಸುತ್ತದೆ.

ಹುಟ್ಟಿದ ಆಸ್ಪತ್ರೆಯಲ್ಲಿ ಮಷಿನ್ ಇಲ್ಲದಿದ್ದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಯಾವ ದಿನ, ಎಷ್ಟು ಗಂಟೆಗೆ ಮಾಡುತ್ತಾರೆ ಅಂತ ಆಶಾ ಕಾರ್ಯಕರ್ತೆಯಿಂದ ಮೊದಲೇ ಕೇಳಿಸಿಕೊಳ್ಳಿ, ಸುಮ್ನೆ ಬಸ್ ಚಾರ್ಜು ಹಾಕಿ ವಾಪಸ್ ಬರೋದು ಬೇಡ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಬರುತ್ತದೆ. ಮಗುವಿನ ಕಿವಿಯ ಅನುಮಾನ ಇದ್ದರೆ ಅವರಿಗೆ ಹೇಳಿ ಬರೆಸಿ.

ಚೀಟಿ ಓದುವುದು

'ಪಾಸ್' ಅಂದರೆ ಸದ್ಯಕ್ಕೆ ಸರಿ. 'ರೆಫರ್' ಅಂದರೆ ಕಿವುಡು ಅಂತಲ್ಲ, ಮತ್ತೊಮ್ಮೆ ನೋಡಬೇಕು ಅಂತ. ಹುಟ್ಟಿದ ಮೊದಲ ದಿನ ಕಿವಿಯೊಳಗೆ ನೀರು, ಬೆಣ್ಣೆಯಂಥ ಜಿಡ್ಡು ಇರುತ್ತದೆ, ಅದರಿಂದಲೂ ರೆಫರ್ ಬರಬಹುದು. ಹೆದರಬೇಡಿ, ಆದರೆ ಬಿಡಲೂ ಬೇಡಿ.

ಮೂರು ಸಂಖ್ಯೆ ನೆನಪಿಡಿ: 1, 3, 6. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಸಮಸ್ಯೆ ಇದೆಯೋ ಇಲ್ಲವೋ ಅನ್ನೋದು ಖಾತ್ರಿ, ಆರು ತಿಂಗಳೊಳಗೆ ಕಿವಿಗೆ ಹಾಕುವ ಮಷಿನ್ (ಹಿಯರಿಂಗ್ ಏಡ್) ಮತ್ತು ತರಬೇತಿ ಶುರು. ಮಿದುಳು ಮಾತನ್ನು ಹಿಡಿಯಲು ಕಲಿಯೋದು ಈ ಮೊದಲ ವರ್ಷಗಳಲ್ಲೇ. ನಾವು ಅದರಲ್ಲಿ ಒಂದು ವರ್ಷ ಕಳೆದುಕೊಂಡೆವು.

ಎರಡನೇ ಸಲವೂ ರೆಫರ್ ಬಂದರೆ 'ಬೇರಾ' ಪರೀಕ್ಷೆ. ಹಣೆಗೆ, ಕಿವಿಯ ಹಿಂದೆ ವೈರ್ ಅಂಟಿಸಿ, ಸದ್ದು ನರದ ಮೂಲಕ ಮಿದುಳಿನ ತನಕ ಮುಟ್ಟುತ್ತಿದೆಯಾ ನೋಡುತ್ತಾರೆ. ಕೂಸು ಗಾಢವಾಗಿ ಮಲಗಿರಲೇಬೇಕು. ಸುರಪುರದಿಂದಲೋ ಆಳಂದದಿಂದಲೋ ಬರುವ ಕೂಸುಗಳು ಬಸ್ಸಿನಲ್ಲಿ ಸೊಗಸಾಗಿ ನಿದ್ದೆ ಮಾಡಿ ಇಲ್ಲಿ ಬಂದು ಕಣ್ಣು ಬಿಡುತ್ತವೆ, ಆಮೇಲೆ ಇನ್ನೊಂದು ದಿನ ಬನ್ನಿ ಅಂತಾರೆ. ದಾರಿಯಲ್ಲಿ ಆಡಿಸಿಕೊಂಡು ಎಚ್ಚರ ಇಟ್ಟು ಕರೆತನ್ನಿ.

ಕೆಲವು ಕೂಸುಗಳಿಗೆ ಓಎಇ ಪಾಸ್ ಆದರೂ ಸಾಲದು. ಐದು ದಿನಕ್ಕಿಂತ ಜಾಸ್ತಿ ಎನ್‌ಐಸಿಯುನಲ್ಲಿ (ನವಜಾತ ಕೂಸುಗಳ ತೀವ್ರ ನಿಗಾ ಘಟಕ) ಇದ್ದವು, ಒಂದೂವರೆ ಕಿಲೋಗಿಂತ ಕಡಿಮೆ ತೂಕದವು, ಕಾಮಾಲೆಗೆ ರಕ್ತ ಬದಲಾಯಿಸಿದವು, ಮಿದುಳು ಜ್ವರ ಬಂದವು. ಇವುಗಳಲ್ಲಿ ಒಳಗಿವಿ ಸರಿಯಿದ್ದು ನರ ಕೆಲಸ ಮಾಡದೇ ಇರಬಹುದು, ಹಾಗಾಗಿ ಬೇರಾ ಕೇಳಿ ಮಾಡಿಸಿ. ಮನೆತನದಲ್ಲಿ ಚಿಕ್ಕಂದಿನಿಂದ ಕಿವಿ ಕೇಳದವರಿದ್ದರೆ, ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆಯಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ನಮ್ಮ ಕಡೆ ಇಂಥ ಮದುವೆ ಜಾಸ್ತಿ ಅಲ್ವಾ, ಮುಚ್ಚಿಡುವಂಥದ್ದೇನೂ ಇಲ್ಲ.

ಪಾಸ್ ಆದ ಮೇಲೂ ಕಣ್ಣಿಡಿ

ಆರು ತಿಂಗಳಿಗೆ ಕೂಸು ಸದ್ದು ಬಂದ ಕಡೆ ತಿರುಗಬೇಕು. ವರ್ಷದ ಹೊತ್ತಿಗೆ 'ಅವ್ವ', 'ಮಾಮ' ಅಂತ ಒಂದೆರಡು ಮಾತು, ಎರಡು ವರ್ಷಕ್ಕೆ 'ಹಾಲು ಬೇಕು' ಅಂತ ಎರಡು ಮಾತು ಜೋಡಿಸಬೇಕು. ಒಂದು ಮೋಸ ಇದೆ: ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ 'ಊಂ, ಆಂ' ಅಂತ ಗುನುಗುತ್ತದೆ. ಅದನ್ನು ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ.

"ಗಂಡು ಹುಡುಗುರು ತಡಾನೇ ಮಾತಾಡ್ತಾವ" ಅಂತ ಹಿರಿಯರು ಹೇಳುತ್ತಾರೆ. ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ, ಜೇನು ನೆಕ್ಕಿಸುತ್ತಾರೆ. ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಶರಣಬಸವೇಶ್ವರ ಗುಡಿಗೆ ಹರಕೆ ಹೊರಿ, ಬಂದೇ ನವಾಜ್ ದರ್ಗಾಕ್ಕೆ ಹೋಗಿ ಬನ್ನಿ, ಬೇಡ ಅನ್ನುವವಳು ನಾನಲ್ಲ. ಅದೇ ವಾರ ಪರೀಕ್ಷೆಯೂ ಆಗಲಿ. ಎರೆಯುವಾಗ ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಿ. ಕಿವಿ ಸೋರಿದರೆ ಡಾಕ್ಟರಿಗೆ ತೋರಿಸಿ. 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ಎಂಆರ್ (ದಡಾರ, ರುಬೆಲ್ಲಾ) ಲಸಿಕೆ ಹಾಕಿಸಿ. ದಡಾರದಿಂದಲೂ ಕಿವಿ ಹೋಗುತ್ತದೆ.

ಮಷಿನ್ ಬಂದ ಮೇಲೆ

ಹಿಯರಿಂಗ್ ಏಡ್‌ಗೆ ಕಿವಿಯ ಅಳತೆಯ ಅಚ್ಚು ಬೇಕು. ಮೆತ್ತನೆಯ ಮುದ್ದೆಯನ್ನು ಕಿವಿಗೆ ತುಂಬಿ ಅಳತೆ ತೆಗೆಯುತ್ತಾರೆ. ಅಕ್ಕನ ಮಗನಿಗೆ ಹಾಕಿದ ಎರಡು ತಿಂಗಳಿಗೇ ಮಷಿನ್ 'ಕುಂಯ್' ಅನ್ನತೊಡಗಿತು, ಹೆಗಲ ಮೇಲೆ ಹಾಕಿಕೊಂಡರೆ ಇನ್ನೂ ಜಾಸ್ತಿ. ಕೆಟ್ಟಿದೆ ಅಂತ ಆಯಿ ಅದನ್ನು ತೆಗೆದು ಡಬ್ಬಿಯಲ್ಲಿಟ್ಟಳು, ಹತ್ತು ದಿನ ಹಾಗೇ ಹೋಯಿತು. ಕೆಟ್ಟಿರಲಿಲ್ಲ. ಕಿವಿ ಬೆಳೆದು ಅಚ್ಚು ಸಡಿಲಾಗಿತ್ತು. ಕೂಸುಗಳಿಗೆ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ಮಾಡಿಸಲೇಬೇಕು. ಎಚ್ಚರ ಇರುವಷ್ಟು ಹೊತ್ತೂ ಮಷಿನ್ ಕಿವಿಯಲ್ಲಿರಲಿ, ಎರೆಯುವಾಗ, ಮಲಗುವಾಗ ತೆಗೆಯಿರಿ. ಗುಂಡಿಯಂಥ ಆ ಸೆಲ್ ಮಕ್ಕಳು ನುಂಗಿದರೆ ಜೀವಕ್ಕೇ ಅಪಾಯ, ಎತ್ತರದಲ್ಲಿಡಿ. ನುಂಗಿದ ಅನುಮಾನ ಬಂದರೂ ಸಾಕು, ಆಗಿಂದಾಗಲೇ ಆಸ್ಪತ್ರೆಗೆ ಓಡಿ.

ಮಷಿನ್‌ನಿಂದಲೂ ಸಾಲದಿದ್ದರೆ ಒಳಗಿವಿಯಲ್ಲಿ ಸಾಧನ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ ಇದೆ. ಖರ್ಚು ಲಕ್ಷಗಳಲ್ಲಿ. ರಾಜ್ಯದ 'ಶ್ರವಣ ಸಂಜೀವಿನಿ', ಕೇಂದ್ರದ 'ಅಡಿಪ್' ಯೋಜನೆಗಳಲ್ಲಿ ನೆರವು ಸಿಗುತ್ತದೆ, ಆದರೆ ಎರಡಕ್ಕೂ ಮಗುವಿನ ವಯಸ್ಸಿನ ಮಿತಿ ಇದೆ. ತಡ ಮಾಡಿದರೆ ಕೈ ತಪ್ಪುತ್ತದೆ. ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಬೇಗ ಅರ್ಜಿ ಹಾಕಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ಇರುವಂಥದ್ದು. ಕಲಬುರಗಿ, ಯಾದಗಿರಿಯಿಂದ ಬಸವ ಎಕ್ಸ್‌ಪ್ರೆಸ್ ನೇರ ಮೈಸೂರಿಗೆ ಹೋಗುತ್ತದೆ.

ಮಿಕ್ಕ ಕೆಲಸ ಅಡುಗೆಮನೆಯಲ್ಲಿದೆ. ಟಿವಿ ಆರಿಸಿ. ಮಗುವಿನ ಹತ್ತಿರ, ಮುಖದ ಮೇಲೆ ಬೆಳಕು ಬೀಳುವಂತೆ ಕೂತು ಮಾತಾಡಿ. ಅಕ್ಕ ಜೋಳದ ರೊಟ್ಟಿ ಬಡಿಯುವಾಗ ಮಗನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಟಪ್ ಟಪ್ ಅಂತ ಬಡಿದು, ನಿಲ್ಲಿಸಿ, ಕಿವಿ ತೋರಿಸಿ "ಕೇಳ್ತಾ? ರೊಟ್ಟಿ!" ಅನ್ನುವಳು. ಮತ್ತೆ ಬಡಿಯುವಳು. ದಿನಾ ಹಿಂಗೇ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅವನು ಹೊರಗೆ ಆಡುತ್ತಿದ್ದವನು ಸಪ್ಪಳ ಕೇಳಿ ತಾನಾಗೇ ಒಳಗೆ ಬಂದ. ಕೈಸನ್ನೆಯಲ್ಲೂ ಮಾತಾಡಿ, ಅದರಿಂದ ಮಾತು ನಿಲ್ಲುವುದಿಲ್ಲ.

ಪುಣೆ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುವವರು, ತವರಿಂದ ಗಂಡನ ಮನೆಗೆ ಹೊರಡುವವರು ಇವತ್ತೇ ಚೀಟಿಯ ಫೋಟೊ ತೆಗೆದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಮುಂದಿನ ಪರೀಕ್ಷೆಯ ತಾರೀಕನ್ನು ತಾಯಿ ಕಾರ್ಡಿನ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ಬರೆಸಿ.