ಸ್ಟಾಕ್‌ಫಿಶ್ ಓಡಿಸಲು ಪ್ರೊಸೆಸರ್: ಆಯ್ಕೆ ಮತ್ತು ತಂಪು

ಚೆಸ್ ಆಡುವ, ಆಟ ವಿಶ್ಲೇಷಿಸುವ ತಂತ್ರಾಂಶವಾದ ಸ್ಟಾಕ್‌ಫಿಶ್ ವಿಶ್ಲೇಷಣೆಗೆ ತೊಡಗಿದರೆ, ಪ್ರೊಸೆಸರ್‌ನ ಕೋರ್‌ಗಳನ್ನು, ಅಂದರೆ ಲೆಕ್ಕ ಮಾಡುವ ಘಟಕಗಳನ್ನು, ಕೊಟ್ಟಷ್ಟೂ ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಸುತ್ತದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಬೂಸ್ಟ್ ವೇಗಕ್ಕೆ ಮರುಳಾಗಬಾರದು. ಅದು ಒಂದೆರಡು ಕೋರ್‌ಗಳು ಸ್ವಲ್ಪ ಹೊತ್ತು ಮುಟ್ಟುವ ವೇಗ, ನಮಗೆ ಮುಖ್ಯವಾದದ್ದು ಎಲ್ಲ ಕೋರ್‌ಗಳೂ ದುಡಿಯುವಾಗ ಉಳಿಯುವ ವೇಗ. ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡನ್ನು ದುಡಿಸುವ ಇನ್ನೊಂದು ಚೆಸ್ ತಂತ್ರಾಂಶ ಲೀಲಾ ಚೆಸ್ ಝೀರೋ ಬಳಸುವವರ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗುವುದೇ ಸರಿ.

2020ರಲ್ಲಿ ಬಂದ ಸ್ಟಾಕ್‌ಫಿಶ್ 12ರಲ್ಲಿ ಆಟದ ಸ್ಥಿತಿಯನ್ನು ಅಳೆಯುವ ಎನ್‌ಎನ್‌ಯುಇ ಎಂಬ ನ್ಯೂರಲ್ ನೆಟ್‌ವರ್ಕ್ ಸೇರಿದ ಮೇಲೆ, ಒಂದೇ ಸಲಕ್ಕೆ ಹಲವು ಸಂಖ್ಯೆಗಳನ್ನು ಲೆಕ್ಕ ಹಾಕುವ ಎವಿಎಕ್ಸ್2 ಸೌಲಭ್ಯವಿಲ್ಲದ ಹಳೆಯ ಪ್ರೊಸೆಸರ್‌ಗಳು ಬಹಳ ಹಿಂದೆ ಬಿದ್ದಿವೆ. ಎಎಂಡಿ ಕಂಪನಿಯ ಡೆಸ್ಕ್‌ಟಾಪ್ ರೈಜನ್ 7000 ಸರಣಿಯಲ್ಲಿ ಅದರ ಮುಂದಿನ ರೂಪವಾದ ಎವಿಎಕ್ಸ್-512 ಕೂಡ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು: ಝೆನ್ 1 ಮತ್ತು ಝೆನ್ 2 ವಿನ್ಯಾಸದ ರೈಜನ್‌ಗಳಲ್ಲಿ ಪೆಕ್ಸ್ಟ್ (PEXT) ಎಂಬ ಸೂಚನೆ ತೀರಾ ನಿಧಾನವಾದ್ದರಿಂದ, ಅವುಗಳಿಗೆ ಆ ಸೂಚನೆಯನ್ನು ಬಳಸುವ ಸ್ಟಾಕ್‌ಫಿಶ್‌ನ ಬಿಎಂಐ2 ಆವೃತ್ತಿಯ ಬದಲು ಎವಿಎಕ್ಸ್2 ಆವೃತ್ತಿಯನ್ನೇ ಇಳಿಸಿಕೊಳ್ಳಬೇಕು, ಝೆನ್ 3ರಿಂದ ಈ ತೊಡಕಿಲ್ಲ.

ತಂಪಿನ ವಿಷಯದಲ್ಲಿ, ದುಬಾರಿ ಕೂಲರ್‌ಗಿಂತ ಮೊದಲು ನೋಡಬೇಕಾದದ್ದು ವಿದ್ಯುತ್ ಮಿತಿ. 170 ವ್ಯಾಟ್ ಟಿಡಿಪಿಯ (ತಯಾರಕರು ಹೇಳುವ ಶಾಖದ ಅಳತೆ) ರೈಜನ್ 9 7950ಎಕ್ಸ್ ಪೂರ್ಣ ಹೊರೆಯಲ್ಲಿ ತನ್ನ ಮಿತಿಯಾದ 95 ಡಿಗ್ರಿಯತ್ತ ಏರುತ್ತದೆ. ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟದಲ್ಲಿ, ವಿದ್ಯುತ್ ಉಳಿಸುವ ಇಕೋ ಮೋಡ್ ಆರಿಸಿ 105 ವ್ಯಾಟ್‌ಗೆ ಇಳಿಸಿದರೆ ಶಾಖ ತಗ್ಗುವಷ್ಟು ಪ್ರಮಾಣದಲ್ಲಿ ವೇಗ ತಗ್ಗುವುದಿಲ್ಲ. ರಾತ್ರಿಯಿಡೀ ವಿಶ್ಲೇಷಣೆಗೆ ಬಿಡುವವರಿಗೆ ಇದು ಲಾಭದ ವಿನಿಮಯವೆಂದೇ ನನ್ನ ಅಭಿಪ್ರಾಯ. ಇಕೋ ಮೋಡ್‌ಗೆ ಪ್ರೊಸೆಸರ್ ಮೇಲೆ ಕೂರುವ, ಫ್ಯಾನ್ ಇರುವ ಉತ್ತಮ ಟವರ್ ಏರ್ ಕೂಲರ್ ಸಾಕು. ಆದರೆ ಇಂಥ ಯಾವ ಏರ್ ಕೂಲರ್ ಕೂಡ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಂಥ ಊರಿನಲ್ಲಿ ವಿದ್ಯುತ್ ಮಿತಿಯನ್ನು ಇನ್ನಷ್ಟು ಇಳಿಸುವುದು ಲೇಸು.

ಕೂಲರ್ ಕೂರಿಸುವಾಗ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರೆಂದು ಖಚಿತಪಡಿಸಿಕೊಂಡು, ಥರ್ಮಲ್ ಪೇಸ್ಟ್ ತೆಳುವಾಗಿ ಹಚ್ಚಿ, ಎದುರುಬದುರಿನ ಸ್ಕ್ರೂಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಫ್ಯಾನಿನ ಗಾಳಿ ಕ್ಯಾಬಿನೆಟ್ಟಿನ ಹಿಂಬದಿಗೆ ಹೋಗಬೇಕು.

ಬಳಿಕ ಪರೀಕ್ಷೆ. ಸ್ಟಾಕ್‌ಫಿಶ್‌ನ ಕಮಾಂಡ್ ಕಿಟಕಿಯಲ್ಲಿ ಬೆಂಚ್ (bench) ಎಂಬ ಆಜ್ಞೆಯನ್ನು, ಜೊತೆಗೆ ಹ್ಯಾಶ್ ಗಾತ್ರ (ಬಳಸಬೇಕಾದ ಮೆಮೊರಿ), ಥ್ರೆಡ್ ಸಂಖ್ಯೆ (ಏಕಕಾಲಕ್ಕೆ ನಡೆಯುವ ಲೆಕ್ಕದ ಎಳೆಗಳು) ಮತ್ತು ಆಳವನ್ನು (ಎಷ್ಟು ನಡೆ ಮುಂದೆ ನೋಡಬೇಕೆಂಬುದು) ಕೊಟ್ಟು, ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ವಿಶ್ಲೇಷಣೆ ನಡೆದ ಕೂಡಲೇ ಮತ್ತೊಮ್ಮೆ ಓಡಿಸಿ, ಪ್ರತಿ ಸೆಕೆಂಡಿನ ನೋಡ್‌ಗಳ, ಅಂದರೆ ಪರಿಶೀಲಿಸಿದ ಸ್ಥಿತಿಗಳ, ಸಂಖ್ಯೆಯನ್ನು ಹೋಲಿಸಬೇಕು. ಬೇರೆ ಬೇರೆ ಆಟದ ಸ್ಥಿತಿಗಳಲ್ಲಿ ಈ ಸಂಖ್ಯೆ ತಾನಾಗಿಯೇ ಬದಲಾಗುವುದರಿಂದ, ಆಟ ವಿಶ್ಲೇಷಿಸುವಾಗ ಕಾಣುವ ಅಂಕಿಯನ್ನು ನಂಬಬಾರದು. ಎರಡನೆಯ ಸಲ ಗಣನೀಯವಾಗಿ ಕುಸಿದಿದ್ದರೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಪುನಃ ನೋಡಿ: ಆಗ ಸುಧಾರಿಸಿದರೆ ಕೊರತೆ ಗಾಳಿಯ ಓಡಾಟದ್ದು, ಇಲ್ಲವಾದರೆ ಪೇಸ್ಟ್, ಸ್ಕ್ರೂ ಅಥವಾ ಕೂಲರಿನದು.